ಮೊದಲ್ನೇದು ಸಿಸೇರಿಯನ್ ಆಗಿದೆ, ಈ ಸಲ ನೋವು ಬಂದ್ರೆ ಒಳಗಿನ ಹೊಲಿಗೆ ಬಿಚ್ಕೊಳ್ಳತ್ತಾ?

ಪ್ರಶ್ನೆ: ಎರಡು ವರ್ಷದ ಹಿಂದೆ ಸಿಸೇರಿಯನ್ ಆಗಿತ್ತು, ಈಗ ಏಳನೇ ತಿಂಗಳು. ಡಾಕ್ಟ್ರು ನಾರ್ಮಲ್ ಟ್ರೈ ಮಾಡೋಣ ಅಂತಾರೆ, ಅತ್ತೆ ಹೊಲಿಗೆ ಬಿಚ್ಕೊಳ್ಳತ್ತೆ ಬೇಡ ಅಂತಿದಾರೆ. ಯಾರ ಮಾತು ಕೇಳ್ಲಿ?

ಮೊದಲು ಒಂದು ಹೇಳ್ಬಿಡ್ತೀನಿ, ಆ ಹೊಲಿಗೆ ಈಗ ಇಲ್ವೇ ಇಲ್ಲ. ಗರ್ಭಕೋಶಕ್ಕೆ ಹಾಕೋ ದಾರ ಕೆಲವು ತಿಂಗಳಲ್ಲಿ ತಾನೇ ಕರಗೋಗತ್ತೆ, ಉಳಿಯೋದು ಕೊಯ್ದ ಜಾಗ ಕೂಡ್ಕೊಂಡಿರೋ ಕಲೆ ಅಷ್ಟೇ. ಅದು ಅಕ್ಕಪಕ್ಕದ ಸ್ನಾಯುವಿನ ಥರ ಹಿಗ್ಗಲ್ಲ, ಹೆರಿಗೆ ನೋವಲ್ಲಿ ಗರ್ಭಕೋಶ ಬಿಗಿದು ಬಿಗಿದು ಎಳೆಯುವಾಗ ಅಪರೂಪಕ್ಕೆ ಅಲ್ಲೇ ಸೀಳತ್ತೆ. ಹಾಗಾಗಿ ಅತ್ತೆ ಭಯ ಸುಳ್ಳಲ್ಲ.

ಆದ್ರೆ ಎಷ್ಟು ಭಯ ಪಡ್ಬೇಕು ಅನ್ನೋದು ಕೊಯ್ದಿರೋದು ಎಲ್ಲಿ ಅನ್ನೋದ್ರ ಮೇಲೆ. ಗರ್ಭಕೋಶದ ಕೆಳಭಾಗದಲ್ಲಿ ಅಡ್ಡಕ್ಕೆ ಕೊಯ್ದಿದ್ರೆ, ಈಗ ಹೆಚ್ಚಿನವು ಹೀಗೇ, ನಾರ್ಮಲ್‌ಗೆ ಪ್ರಯತ್ನಪಟ್ಟ ಸುಮಾರು 200 ಜನರಲ್ಲಿ ಒಬ್ಬರಿಗೆ ಕಲೆ ಸೀಳತ್ತೆ, ಹೆಚ್ಚುಕಮ್ಮಿ ನಾಲ್ಕರಲ್ಲಿ ಮೂರು ಜನಕ್ಕೆ ನಾರ್ಮಲ್ಲೇ ಆಗತ್ತೆ. ಮೇಲಿನ ದಪ್ಪ ಭಾಗದಲ್ಲಿ ಉದ್ದಕ್ಕೆ ಕೊಯ್ದಿದ್ರೆ ಲೆಕ್ಕ 100ಕ್ಕೆ 2ರಿಂದ 9, ಅಂಥೋರಿಗೆ ನೋವು ಶುರುವಾಗೋಕೆ ಮುಂಚೆನೇ, ಸಾಮಾನ್ಯವಾಗಿ 36–37 ವಾರಕ್ಕೆ, ಆಪರೇಷನ್ ಮಾಡ್ತಾರೆ. ಗರ್ಭಕೋಶದ ಫೈಬ್ರಾಯ್ಡ್ ಗೆಡ್ಡೆ ತೆಗೆಸಿದೋರಿಗೂ ಇದೇ ಮಾತು, ಎಷ್ಟು ಆಳಕ್ಕೆ ಕೊಯ್ದಿದಾರೆ ಅನ್ನೋದು ಮುಖ್ಯ. ಆ ಗೆಡ್ಡೆನ ಲ್ಯಾಪ್ರೋಸ್ಕೋಪಿಲಿ, ಅಂದ್ರೆ ಸಣ್ಣ ತೂತು ಮಾಡಿ, ತೆಗೆದಿದ್ರೆ ಹೊಟ್ಟೆ ಮೇಲೆ ಮೂರು ಚುಕ್ಕೆ ಬಿಟ್ರೆ ಏನೂ ಕಾಣಲ್ಲ, ಎಷ್ಟೋ ಜನ ಅದನ್ನ ಡಾಕ್ಟ್ರಿಗೆ ಹೇಳೋದೇ ಮರೀತಾರೆ.

ಸಿಸೇರಿಯನ್ನಲ್ಲೂ ಅಷ್ಟೇ, ಹೊಟ್ಟೆ ಮೇಲಿನ ಗೆರೆ ನೋಡಿ ಒಳಗಿನದ್ದು ಹೇಳಕ್ಕಾಗಲ್ಲ. ಚರ್ಮದ ಮೇಲೆ ಅಡ್ಡ ಇದ್ದು ಒಳಗೆ ಉದ್ದ ಇರ್ಬೋದು. ಅದಕ್ಕೇ ಹಳೇ ಡಿಸ್ಚಾರ್ಜ್ ಸಮ್ಮರಿ ಬೇಕು. ನಮ್ಮತ್ತಿಗೆದು ಇಡೀ ಮನೆ ಹುಡುಕಿ ಕೊನೆಗೆ ಬೀರುವಲ್ಲಿ ರೇಷನ್ ಕಾರ್ಡ್ ಜೊತೆ ಪ್ಲಾಸ್ಟಿಕ್ ಕವರಲ್ಲಿ ಸಿಕ್ತು, ‘ಎಲ್‌ಎಸ್‌ಸಿಎಸ್’ ಅಂತ ಒಂದೇ ಪದ, ಅಂದ್ರೆ ಕೆಳಭಾಗದ ಕೊಯ್ತ, ಡಾಕ್ಟ್ರು ಅದೊಂದನ್ನ ಓದಿ ಉಸಿರುಬಿಟ್ರು.

ಎರಡು ಹೆರಿಗೆ ನಡುವೆ ಒಂದೂವರೆ ವರ್ಷಕ್ಕಿಂತ ಕಮ್ಮಿ ಇದ್ರೆ ಅಪಾಯ ಏರತ್ತೆ, ನಿಮ್ದು ಎರಡು ದಾಟತ್ತೆ, ಒಳ್ಳೇದೇ. ನೋವು ಬರ್ಸೋಕೆ ಡ್ರಿಪ್ ಹಾಕಿದ್ರೂ ಏರತ್ತೆ, ನೋವು ಬರ್ಸೋ ಮಿಸೊಪ್ರೊಸ್ಟಾಲ್ ಮಾತ್ರೆ ಅಂತೂ ಹಳೇ ಸಿಸೇರಿಯನ್ ಇರೋರಿಗೆ ತುಂಬಿದ ತಿಂಗಳಲ್ಲಿ ಕೊಡಬಾರ್ದು.

ಸೀಳೋಕೆ ಶುರುವಾದ್ರೆ ಹೆಚ್ಚಾಗಿ ಮೊದಲು ಗೊತ್ತಾಗೋದು ಮಗು ಹಾರ್ಟ್‌ಬೀಟ್ ಕುಸಿಯೋದ್ರಿಂದ, ಹೊಟ್ಟೆಗೆ ಬೆಲ್ಟ್ ಕಟ್ಟಿ ಬಿಡದೆ ನೋಡ್ತಿರೋದು ಅದಕ್ಕೇ. ಹೆರಿಗೆ ನೋವು ಬಂದು ಬಂದು ಹೋಗತ್ತಲ್ಲ, ಸೀಳಿದ ನೋವು ನಡುವೆನೂ ಬಿಡಲ್ಲ, ರಕ್ತ ಹೋಗ್ಬೋದು, ತಲೆ ಸುತ್ತಬೋದು, ಭುಜದ ತುದಿ ನೋಯ್ಬೋದು. ಜೋರಾಗಿ ಬರ್ತಿದ್ದ ನೋವು ಪಟ್ಟಂತ ನಿಂತ್ರೆ ಸದ್ಯ ರೆಸ್ಟ್ ಸಿಕ್ತು ಅನ್ಕೋಬೇಡಿ, ತಕ್ಷಣ ಕೂಗಿ. ಕೆಲವೇ ನಿಮಿಷದಲ್ಲಿ ಥಿಯೇಟರ್‌ಗೆ ಹೋಗ್ಬೇಕಾದ ಕೇಸ್ ಅದು.

ಅತ್ತೆನೂ ಚೆಕಪ್‌ಗೆ ಕರ್ಕೊಂಡೋಗಿ, ಸಮ್ಮರಿ ತೋರ್ಸಿ, ಒಂದು ಪ್ರಶ್ನೆ ಕೇಳಿ: ರಾತ್ರಿ ಮೂರು ಗಂಟೆಗೆ ಇಲ್ಲಿ ಆಪರೇಷನ್ ಬೇಕಾದ್ರೆ ಅರಿವಳಿಕೆ ಡಾಕ್ಟ್ರು, ರಕ್ತ ಎರಡೂ ಸಿಗತ್ತಾ? ಇಲ್ಲ ಅಂದ್ರೆ ನಾರ್ಮಲ್ ಟ್ರೈ ಅಲ್ಲಿ ಬೇಡ, ದೊಡ್ಡಾಸ್ಪತ್ರೆಗೆ ಬರೆಸ್ಕೊಳ್ಳಿ.