ಹತ್ತು ಸಾವಿರ ಫಾಲೋವರ್ಸ್ ಬಂದರೆ ಗೊಂಬೆ ಎಷ್ಟು ಹೋಗುತ್ತೆ?

ಚನ್ನಪಟ್ಟಣದ ಗೊಂಬೆ ವ್ಯಾಪಾರಿಯೊಬ್ಬರು ಸಲಹೆ ಕೇಳಿಕೊಂಡು ಬಂದಿದ್ದರು. ಬೆಂಗಳೂರು–ಮೈಸೂರು ಹೊಸ ಹೆದ್ದಾರಿ 2023ರಲ್ಲಿ ಉದ್ಘಾಟನೆಯಾಯಿತು. ಬೈಪಾಸ್ ಊರನ್ನು ಬಳಸಿಕೊಂಡು ಹೋಗುತ್ತದೆ. ಮೊದಲು ಕಾಫಿಗೆ ನಿಲ್ಲಿಸಿ, ಮಗು ಹಟ ಮಾಡಿತೆಂದು ಗೊಂಬೆ ಕೊಳ್ಳುತ್ತಿದ್ದವರು ಈಗ ಹಳೇ ರಸ್ತೆಗೆ ಇಳಿಯುವುದೇ ಅಪರೂಪ. "ಇನ್‌ಸ್ಟಾಗ್ರಾಂನಲ್ಲಿ ಹತ್ತು ಸಾವಿರ ಫಾಲೋವರ್ಸ್ ಮಾಡಿಕೊಡಿ ಸಾರ್" ಅಂದರು.

ನಾನು ಕೇಳಿದ್ದು ಬೇರೆ: ತಿಂಗಳಿಗೆ ಇನ್ನೆಷ್ಟು ದುಡ್ಡು ಕೈಯಲ್ಲಿ ಉಳಿಯಬೇಕು? ಯೋಚಿಸಿ ಹೇಳಿದರು, 30,000.

ಅಲ್ಲಿಂದ ಹಿಂದಕ್ಕೆ ಲೆಕ್ಕ ಹಾಕಿದೆವು. ಅವರ ಸರಾಸರಿ ಬಿಲ್ 600 ರೂಪಾಯಿ. ಮರ, ಅರಗು, ಕೂಲಿ, ಕೊರಿಯರ್ ಕಳೆದರೆ 200 ಉಳಿಯುತ್ತದೆ. ಅಂದರೆ 150 ಬಿಲ್. ವಾಟ್ಸಾಪ್‌ನಲ್ಲಿ ವಿಚಾರಿಸುವ ಐವರಲ್ಲಿ ಒಬ್ಬರು ಕೊಳ್ಳುತ್ತಾರೆ ಎಂದು ಅವರ ಫೋನೇ ಹೇಳಿತು. ಹಾಗಾದರೆ 750 ಜನರೊಂದಿಗೆ ಮಾತು, ದಿನಕ್ಕೆ 25. ಉತ್ತರ ಕೊಡುವವರು ಅವರು ಮತ್ತು ಅವರ ಮನೆಯವರು, ಇಬ್ಬರೇ. ರೀಲ್ಸ್ ಮಾಡುವವರು ಯಾರು, ಲೇತ್ ಮುಂದೆ ಕೂರುವವರು ಯಾರು?

ಅದೇ ಸರಕು ಶಿಶುವಿಹಾರಗಳಿಗೆ ಹೋದರೆ? ಎಣಿಕೆಯ ಮಣಿ, ಪೇರಿಸುವ ಬಳೆ ಎಲ್ಲ ಸೇರಿ 15,000ದ ಒಂದು ಆರ್ಡರ್ ಅಂದುಕೊಳ್ಳಿ. ಅದೇ ಲಾಭದ ದರದಲ್ಲಿ 5,000 ಉಳಿಯುತ್ತದೆ, ಆರು ಆರ್ಡರ್ ಸಾಕು. ಐದಕ್ಕೊಂದು ಲೆಕ್ಕ ಇಲ್ಲೂ ನಡೆದರೆ 30 ಶಾಲೆ. ನಡೆಯುತ್ತದೆಯೋ ಇಲ್ಲವೋ ಮೊದಲ ತಿಂಗಳೇ ತಿಳಿಯುತ್ತದೆ.

ಆದರೆ ಶಾಲೆಗಳು ದುಡ್ಡು ತಡ ಮಾಡುತ್ತವೆ. ಚಿಕ್ಕ ವ್ಯಾಪಾರಿ ಮುಳುಗುವುದು ಮಾರಾಟವಿಲ್ಲದೆ ಮಾತ್ರ ಅಲ್ಲ, ಬಾಕಿಯಲ್ಲೂ. ಹಾಗಾಗಿ ಗುರಿಯನ್ನು ಹೀಗೆ ಬರೆದೆವು: ಜೂನ್‌ನಲ್ಲಿ ಶಾಲೆ ತೆರೆಯುವ ಮುಂಚೆ, ಏಪ್ರಿಲ್‌ನಲ್ಲಿ ಎರಡು ಆರ್ಡರ್, ಅರ್ಧ ಮುಂಗಡ. ಆರು ಅಂತ ಬರೆದಿದ್ದರೆ ಮೂರನೇ ವಾರಕ್ಕೇ ಕೈಬಿಡುತ್ತಿದ್ದರು. ದಸರಾ ಗೊಂಬೆ ಹಬ್ಬದ ಚಿಲ್ಲರೆ ಮಾರಾಟಕ್ಕೆ ಬೇರೆ ಪುಟ, ಆಗಸ್ಟ್‌ನಲ್ಲಿ ತೆರೆಯೋಣ ಅಂದೆ. ಇನ್‌ಸ್ಟಾಗ್ರಾಂ ಇರಲಿ, ಶಾಲೆಯವರಿಗೆ ತೋರಿಸುವ ಆಲ್ಬಂ ಹಾಗೆ.

ಫೋನ್ ಪಕ್ಕ ಒಂದು ನೋಟ್‌ಬುಕ್ ಇಡಿಸಿದೆ, ಕರೆ ಮಾಡಿದವರಿಗೆಲ್ಲ "ನಮ್ಮ ವಿಷಯ ಹೇಗೆ ಗೊತ್ತಾಯ್ತು?" ಎಂದು ಕೇಳಿ ಬರೆಯಬೇಕು. ಮೊದಲ ವಾರ ಹೆಚ್ಚಿನವರು ಕೊಟ್ಟ ಉತ್ತರ, "ಮೊದಲು ಆ ರಸ್ತೇಲಿ ಹೋಗ್ತಿದ್ವಲ್ಲ, ನಿಮ್ಮಲ್ಲೇ ತಗೋತಿದ್ವಿ." ಅವರ ನಂಬರೆಲ್ಲ ಹಳೇ ಬಿಲ್ ಪುಸ್ತಕಗಳಲ್ಲಿ, ಅಂಗಡಿಯ ಅಟ್ಟದ ಮೇಲಿತ್ತು.