ಜರಡಿಯ ಮೇಲೆ ಉಳಿದ ಕಲ್ಲು

ಕಳೆದ ಮೇ ತಿಂಗಳಲ್ಲಿ ಕಾಸರಗೋಡು ಜಿಲ್ಲೆಯ ಮುಳ್ಳೇರಿಯ ಕಡೆಯ ಕೃಷಿಕರೊಬ್ಬರು ಮಣ್ಣು ಪರೀಕ್ಷೆಯ ಎರಡು ಚೀಟಿ ಹಿಡಿದುಕೊಂಡು ಮನೆಗೆ ಬಂದರು. ಒಂದು ಅವರ ಹೊಸ ಅಡಿಕೆ ತೋಟದ್ದು. ಇನ್ನೊಂದು ತೋಟದ ಆಚೆ, ಕಾಡಿಗೆ ತಾಗಿದ ಅಂಚಿನದ್ದು. ಹುಳಿ ಅಳೆಯುವ ಪಿಎಚ್ (ಅಂಕೆ ಇಳಿದಷ್ಟೂ ಹುಳಿ ಹೆಚ್ಚು) ಒಂದರಲ್ಲಿ 5.0, ಇನ್ನೊಂದರಲ್ಲಿ 5.1.

"ಅಲ್ಲ ಮಾರಾಯ್ರೆ, ಹುಳಿ ಎರಡರಲ್ಲೂ ಒಂದೇ. ಆಚೆ ಮರುವ, ಹೆಬ್ಬಲಸು ಎಲ್ಲ ಆಕಾಶಕ್ಕೆ ಹೋಗಿದೆ. ಈಚೆ ನನ್ನ ಗಿಡ ಮೂರು ವರ್ಷವಾದರೂ ಸೊಂಟ ದಾಟಿಲ್ಲ. ಕಾಡಿಗೆ ಯಾರು ಸುಣ್ಣ ಹಾಕಿದ್ದು?"

ಪ್ರಶ್ನೆ ಒಳ್ಳೆಯದಿತ್ತು. ಉತ್ತರ ಮಾತ್ರ ಆ ಚೀಟಿಗಳಲ್ಲಿ ಇರಲಿಲ್ಲ. ಪ್ರಯೋಗಾಲಯಕ್ಕೆ ಹೋದ ಮಣ್ಣನ್ನು ನೆರಳಲ್ಲಿ ಒಣಗಿಸಿ, ಹೆಂಟೆ ಒಡೆದು, 2 ಮಿಲಿಮೀಟರ್ ಕಣ್ಣಿನ ಜರಡಿಯಲ್ಲಿ ಗಾಳಿಸುತ್ತಾರೆ. ಕೆಳಗೆ ಬಿದ್ದದ್ದಕ್ಕೆ ಪರೀಕ್ಷೆ, ಮೇಲೆ ಉಳಿದ ಕಲ್ಲು ಅಂಗಳಕ್ಕೆ. ಅದು ಅವರ ತಪ್ಪಲ್ಲ, ಪದ್ಧತಿಯೇ ಹಾಗೆ. ಬಯಲುಸೀಮೆಯ ಎರೆಮಣ್ಣಿಗೆ ಇದರಿಂದ ನಷ್ಟವೇನೂ ಇಲ್ಲ. ನಮ್ಮ ಗುಡ್ಡೆಗಳಲ್ಲಿ ಹಾಗಲ್ಲ, ಅರ್ಧಕ್ಕರ್ಧ ಹರಳುಕಲ್ಲೇ ಇರುವ ಮಣ್ಣು ಇದು. ಚೀಟಿ ಹೇಳುವುದು ಉಳಿದರ್ಧದ ಕತೆ ಮಾತ್ರ.

"ನಾಳೆ ಬೆಳಿಗ್ಗೆ ಬರ್ತೇನೆ, ಪಿಕ್ಕಾಸು ತೆಗೆದಿಡಿ" ಎಂದೆ.

ಕಾರಡ್ಕ ಮೀಸಲು ಅರಣ್ಯದೊಳಗೆ ಗುಂಡಿ ತೋಡಬೇಕಾದರೆ ಇಲಾಖೆಯ ಅನುಮತಿ ಬೇಕು. ನಮಗೆ ಆ ಅಗತ್ಯ ಬೀಳಲಿಲ್ಲ. ಅವರ ಜಾಗದೊಳಗೇ ಹಳೆಯ ಅಗಳೊಂದಿತ್ತು. ಅದರಾಚೆ, ಗಡಿಯವರೆಗೆ, ಅಜ್ಜನ ಕಾಲದಿಂದ ಕಡಿಯದೆ ಬಿಟ್ಟ ಮರಗಳ ಪಟ್ಟಿ. ಹೆಸರಿಗೆ ಸ್ವಂತ ಜಾಗ, ಮಣ್ಣು ಮಾತ್ರ ಕಾಡಿನದ್ದೇ. ಅಗಳಿನ ಆ ಬದಿಯ ಗೋಡೆ ಒಂದಾಳು ಎತ್ತರ. ಮಣ್ಣು ಓದಲು ಇದಕ್ಕಿಂತ ಒಳ್ಳೆಯ ಪುಟ ಬೇಡ.

ಆದರೆ ವರ್ಷಗಟ್ಟಲೆ ಗಾಳಿಮಳೆಗೆ ಒಡ್ಡಿಕೊಂಡ ಗೋಡೆಯನ್ನು ಹಾಗೆಯೇ ನಂಬಬಾರದು. ಬಿಸಿಲಿಗೆ ಗಟ್ಟಿ ಕಟ್ಟಿರುತ್ತದೆ, ಮೇಲಿಂದ ಇಳಿದ ಕೆಸರು ಬಳಿದುಕೊಂಡಿರುತ್ತದೆ, ಪಾಚಿ ಬಣ್ಣ ಕೆಡಿಸಿರುತ್ತದೆ. ಒಂದು ಗೇಣು ಒಳಕ್ಕೆ ಕೆತ್ತಿ ಹೊಸ ಮುಖ ತೆಗೆದೆವು. ಆಮೇಲೆ ಚೂರಿಯ ತುದಿಯಿಂದ ಮೇಲಿನಿಂದ ಕೆಳಕ್ಕೆ ಗೀರುತ್ತ ಬಂದೆ. ಪದರ ಎಲ್ಲಿ ಬದಲಾಯಿತೆಂದು ಕಣ್ಣಿಗಿಂತ ಮೊದಲು ಕಿವಿಗೆ ಗೊತ್ತಾಗುತ್ತದೆ. ಮೇಲೆ ಸದ್ದಿಲ್ಲ. ಗೇಣು ಇಳಿಯುವ ಹೊತ್ತಿಗೆ ಕರಕರ. ಮೊಳ ದಾಟಿದರೆ ಚೂರಿ ಮುಂದೆ ಹೋಗಲು ಒಪ್ಪುವುದೇ ಇಲ್ಲ.

ಎಲ್ಲಕ್ಕಿಂತ ಮೇಲೆ ದರಗು, ನಾಲ್ಕು ಬೆರಳು ದಪ್ಪ. ಈ ವರ್ಷದ ಒಣ ಎಲೆ ಯಾವ ಮರದ್ದೆಂದು ಇನ್ನೂ ಹೇಳಬಹುದು. ಅದರಡಿ ಕಳೆದ ಮಳೆಗಾಲದ್ದು, ನರ ಮಾತ್ರ ಉಳಿದು ಜಾಳುಜಾಳಾಗಿತ್ತು, ನಡುವೆ ಶಿಲೀಂಧ್ರದ ಬಿಳಿ ನೂಲು. ಇನ್ನೂ ಕೆಳಗೆ ಹೆಸರಿಲ್ಲದ ಕಪ್ಪು ಹುಡಿ. ಇದನ್ನು ಮಣ್ಣೆಂದು ಲೆಕ್ಕ ಹಿಡಿಯುವುದಿಲ್ಲ, ಕಾಡಿನ ಅಡುಗೆಮನೆ ಎಂದರೆ ಮಾತ್ರ ಇದೇ.

ಅದರ ಕೆಳಗಿನ ಹದಿನೈದು ಸೆಂಟಿಮೀಟರ್ ಮೇಲ್ಮಣ್ಣು. ಕಪ್ಪು ಛಾಯೆಯ ಕಂದು. ಹಿಡಿದರೆ ರವೆಯುಂಡೆಯ ಹಾಗೆ ಸಡಿಲವಾಗಿ ಒಡೆಯುತ್ತದೆ. ಎರೆಹುಳದ ಹಿಕ್ಕೆ, ಗೆದ್ದಲಿನ ದಾರಿ, ಕೂದಲಿನಂಥ ಬೇರುಗಳ ಬಲೆ. ಬೆರಳು ಹಾಕಿ ಎಳೆದರೆ ಬೇರಿನ ಜೊತೆ ಹರಳು, ಹರಳಿನ ಜೊತೆ ಮಣ್ಣು ಎಲ್ಲ ಒಂದೇ ಗೊಂಚಲಾಗಿ ಬಂತು. ಹರಳು ಇಲ್ಲೂ ಉಂಟು, ನಾಲ್ಕರಲ್ಲಿ ಒಂದು ಪಾಲು.

ಬಣ್ಣದ ಬಗ್ಗೆ ಒಂದು ಮಾತು. "ಕೆಂಪು ಮಣ್ಣು" ಎಂದು ಬರೆದರೆ ನಿಮ್ಮ ಕೆಂಪು ಬೇರೆ, ನನ್ನ ಕೆಂಪು ಬೇರೆ. ಅದಕ್ಕೇ ಮಣ್ಣು ಸರ್ವೆಯವರು ಮನ್ಸೆಲ್ ಎಂಬ ಬಣ್ಣದ ಪುಸ್ತಕ ಇಟ್ಟುಕೊಳ್ಳುತ್ತಾರೆ. ಹೆಂಟೆಯನ್ನು ತೇವ ಮಾಡಿ ಪುಟದ ಬಣ್ಣದ ಚೌಕಗಳ ಪಕ್ಕ ಹಿಡಿದು ನೋಡುವುದು. ಮೇಲ್ಮಣ್ಣು 7.5ವೈಆರ್ 3/2ಕ್ಕೆ ಹೊಂದಿತು. ಮೊಳದಷ್ಟು ಕೆಳಗಿನದು 5ವೈಆರ್ 4/6, ಇನ್ನೂ ಕೆಳಗಿನದು 2.5ವೈಆರ್ 4/6. ವೈಆರ್ ಎಂದರೆ ಹಳದಿಗೆಂಪು, ಅದಕ್ಕಿಂತ ಮೊದಲು ಬರುವ ಅಂಕೆ ಇಳಿದಷ್ಟೂ ಕೆಂಪು ಏರುತ್ತದೆ. ಮೇಲಿನ ಕಂದು ಕೊಳೆತ ಎಲೆಯದ್ದು, ಕೆಳಗಿನ ಕೆಂಪು ಕಬ್ಬಿಣದ ತುಕ್ಕಿನದ್ದು.

ಗೇಣಿನಿಂದ ಕೆಳಗೆ ಹರಳಿನ ರಾಜ್ಯ. ಗೋಡೆಯ ಒಂದು ಚದರ ಅಡಿ ಜಾಗದಲ್ಲಿ ಕಣ್ಣಂದಾಜು ಮಾಡಿದರೆ ಅರ್ಧಕ್ಕೆ ಕಡಿಮೆಯಿಲ್ಲ. ಗಾತ್ರದಲ್ಲಿ ನೂರಕ್ಕೆ 15 ದಾಟಿದರೆ ಹರಳುಮಣ್ಣು, 35 ದಾಟಿದರೆ ತುಂಬಾ ಹರಳು, 60 ದಾಟಿದರೆ ವಿಪರೀತ ಹರಳು ಎಂಬುದು ಮಣ್ಣು ಸರ್ವೆಯವರ ಲೆಕ್ಕ. ಆದರೆ ಎಷ್ಟು ಎನ್ನುವುದರ ಜೊತೆ ಎಂಥದ್ದು ಎಂದೂ ನೋಡಬೇಕು. ಇಲ್ಲಿ ಎರಡು ಜಾತಿ ಸಿಕ್ಕಿತು. ಬಿಳಿಯ, ಮೂಲೆ ಮೊನಚಾದವು ಬೆಣಚು. ಹಳೆಯ ಬಂಡೆ ಕರಗಿ ಹೋದರೂ ಕರಗದೆ ಉಳಿದ ಎಲುಬು. ಕಪ್ಪು ಕಂದಿನ, ಉರುಟಾದವು ಕಬ್ಬಿಣದ ಹರಳು. ಒಂದನ್ನು ಸುತ್ತಿಗೆಯಿಂದ ಒಡೆದರೆ ಒಳಗೆ ಕುಂಕುಮ. ನಾನು ಜೇಬಿನಲ್ಲಿ ಚಿಕ್ಕ ಅಯಸ್ಕಾಂತ ಇಟ್ಟುಕೊಂಡಿರುತ್ತೇನೆ. ಮೇಲ್ಮಣ್ಣಿನ ಕೆಲವು ಹರಳು ಅದಕ್ಕೆ ಅಂಟಿದವು, ಕೆಳಗಿನವು ಅಂಟಲಿಲ್ಲ. ಕಾಡಿಗೆ ಬೆಂಕಿ ಬಿದ್ದ ಜಾಗದಲ್ಲಿ, ಎಲೆಕಸದ ಜೊತೆ ಬೆಂದ ಕಬ್ಬಿಣದ ಹರಳು ಹೀಗೆ ಅಯಸ್ಕಾಂತಕ್ಕೆ ಒಲಿಯುವುದುಂಟು. ಹಿಂದೊಮ್ಮೆ ಇಲ್ಲಿ ಕುಮೇರಿ, ಅಂದರೆ ಕಾಡು ಕಡಿದು ಸುಟ್ಟು ಮಾಡುವ ಬೇಸಾಯ, ಇತ್ತೇ ಎಂದು ಕೇಳಿದೆ. "ಅಜ್ಜ ಹೇಳ್ತಿದ್ದರು" ಎಂದರು.

ಹರಳು ಕಂಡ ಕೂಡಲೇ "ಇದು ಹೊಯ್ಗೆಮಣ್ಣು" ಎನ್ನುವವರು ಬಹಳ. ಹರಳನ್ನೆಲ್ಲ ಹೆಕ್ಕಿ ತೆಗೆದು, ಉಳಿದ ಹಿಡಿ ಮಣ್ಣಿಗೆ ನೀರು ಚಿಮುಕಿಸಿ ನಾದಿ, ಹೆಬ್ಬೆರಳು ತೋರುಬೆರಳಿನ ನಡುವೆ ಪಟ್ಟಿ ತೆಗೆದು ತೋರಿಸಿದೆ. ಮೇಲ್ಮಣ್ಣಿನ ಪಟ್ಟಿ ಎರಡು ಮೂರು ಸೆಂಟಿಮೀಟರಿಗೆ ತುಂಡಾಯಿತು. ಕೆಳಗಿನದರ ಪಟ್ಟಿ ಐದು ಸೆಂಟಿಮೀಟರ್ ದಾಟಿ ಜೋತು ನಿಂತಿತು. ಅಂದರೆ ಅದು ಶುದ್ಧ ಜೇಡಿ. ಕಲ್ಲುಗಳ ಸಂದಿಯಲ್ಲಿ ಜೇಡಿ ತುಂಬಿದೆ, ಅಷ್ಟೆ. ಈ ಜೇಡಿ ಮೇಲಿಂದ ಕೆಳಕ್ಕೆ ಮಳೆನೀರಿನ ಜೊತೆ ಇಳಿದು ಬಂದದ್ದು. ಹೆಂಟೆ ಒಡೆದು ಭೂತಗನ್ನಡಿಯಲ್ಲಿ ನೋಡಿದರೆ ಮುಖದ ಮೇಲೆ ಮೇಣ ಸವರಿದ ಹಾಗೆ ಹೊಳಪು, ಅದೇ ಗುರುತು. ಆದರೂ ಇದು ಎರೆಮಣ್ಣಿನಂತೆ ಮಳೆಗೆ ಉಬ್ಬಿ ಬೇಸಗೆಗೆ ಬಿರಿಯುವುದಿಲ್ಲ. ಜೇಡಿಯ ಜಾತಿ ಬೇರೆ, ಕೆಯೊಲಿನೈಟ್. ಕಬ್ಬಿಣ ಅದನ್ನು ಸಣ್ಣ ಸಣ್ಣ ಕಾಳಾಗಿ ಕಟ್ಟಿ ಹಾಕಿರುವುದರಿಂದ ಜೂನಿನ ಜಡಿಮಳೆಯೂ ಇಂಗಿ ಹೋಗುತ್ತದೆ.

ಅದಕ್ಕೂ ಕೆಳಗಿನದ್ದು ಎಲ್ಲರಿಗೂ ಗೊತ್ತಿರುವ ಮುರ. ಒಳಗೆ ಹಸಿಯಿರುವಾಗ ಕೊಡಲಿಯಿಂದ ಕೆತ್ತಬಹುದು, ಗಾಳಿ ತಾಗಿದ ಮೇಲೆ ಮನೆಯ ಗೋಡೆ. ಫ್ರಾನ್ಸಿಸ್ ಬುಕಾನನ್ 1800ರಲ್ಲಿ ಮಲಬಾರಿನ ಅಂಗಡಿಪುರದಲ್ಲಿ ಈ ಕಲ್ಲನ್ನು ಕಂಡು, ಇಟ್ಟಿಗೆ ಎಂಬರ್ಥದ ಲ್ಯಾಟಿನ್ ಪದದಿಂದ ಲ್ಯಾಟರೈಟ್ ಎಂದು ಕರೆದ. 1807ರಲ್ಲಿ ಅವನ ಪುಸ್ತಕ ಅಚ್ಚಾಗಿ ಹೆಸರು ಲೋಕಕ್ಕೆಲ್ಲ ಹಬ್ಬಿತು. ಅದಕ್ಕೂ ಮೊದಲೇ ನಮ್ಮವರು ಆ ಕಲ್ಲಲ್ಲಿ ಮನೆ, ಕೋಟೆ ಎಲ್ಲ ಕಟ್ಟಿದ್ದರು. ಮುರದ ಕೆಳಗೆ ಶೇಡಿ ಎಂಬ ಮೆತ್ತಗಿನ ಜೇಡಿ, ಶೇಡಿಯ ಕೆಳಗೆ ಕಗ್ಗಲ್ಲು. ಮುರದೊಳಗೆ ಇಳಿದ ನೀರು ಶೇಡಿಯ ಬಳಿ ತಡೆದು ನಿಲ್ಲುತ್ತದೆ. ಬಾಯಾರು, ಶೇಣಿ ಕಡೆ ನೀರಿಗಾಗಿ ಗುಡ್ಡೆಗೆ ಅಡ್ಡಲಾಗಿ ತೋಡಿದ ಸುರಂಗಗಳ ಗುಟ್ಟೂ ಅದೇ.

ಇನ್ನು ಹುಳಿಯ ವಿಷಯ. ನಮ್ಮಲ್ಲಿ ವರ್ಷಕ್ಕೆ ಸುಮಾರು 3,500 ಮಿಲಿಮೀಟರ್ ಮಳೆ, ಅದರ ಬಹುಪಾಲು ನಾಲ್ಕೇ ತಿಂಗಳಲ್ಲಿ. ಸುಣ್ಣದಂಶ, ಮೆಗ್ನೀಸಿಯಂ, ಪೊಟ್ಯಾಶ್ ನೀರಿನ ಜೊತೆ ಪಯಸ್ವಿನಿ ಹೊಳೆಗೆ ಇಳಿದು ಹೋಗುತ್ತವೆ. ಕರಗದ ಕಬ್ಬಿಣ, ಅಲ್ಯುಮಿನಿಯಂ ಉಳಿಯುತ್ತವೆ. ಪಿಎಚ್ 5.5ರ ಕೆಳಗೆ ಇಳಿದಂತೆ ಅಲ್ಯುಮಿನಿಯಂ ಕರಗಲು ಶುರುವಾಗಿ ಬೇರಿನ ತುದಿಯನ್ನು ಸುಡುತ್ತದೆ. ಬೇರು ಗಿಡ್ಡವಾಗಿ, ದಪ್ಪಗಾಗಿ, ಕವಲೊಡೆಯದೆ ನಿಲ್ಲುತ್ತದೆ. ರಂಜಕ ಹಾಕಿದರೆ ಕಬ್ಬಿಣ, ಅಲ್ಯುಮಿನಿಯಂ ಎರಡೂ ಅದನ್ನು ಹಿಡಿದಿಟ್ಟುಕೊಳ್ಳುತ್ತವೆ, ಗಿಡಕ್ಕೆ ಸಿಗಲು ಬಿಡುವುದಿಲ್ಲ.

ಹಾಗಾದರೆ ಕಾಡು? ಚೀಲದಿಂದ ಪಿಎಚ್ ತೋರಿಸುವ ಬಣ್ಣದ ದ್ರಾವಣ ತೆಗೆದು ಮೂರು ಆಳದ ಮಣ್ಣಿಗೂ ಹನಿಸಿದೆ. ಮೊಳ ಆಳದ್ದು 5ರ ಆಸುಪಾಸು. ದರಗಿನ ಕೆಳಗಿನದ್ದು 5.5ನ್ನೂ ದಾಟಿತು. ಪಿಎಚ್‌ನಲ್ಲಿ ಒಂದು ಅಂಕೆ ಎಂದರೆ ಹತ್ತು ಪಟ್ಟು. ಅರ್ಧ ಅಂಕೆಯೂ ಮೂರು ಪಟ್ಟು. ಮರ ಆಳದಿಂದ ಎಳೆದ ಸುಣ್ಣದಂಶವನ್ನು ಎಲೆಯಾಗಿ ಮೇಲೆ ಸುರಿಯುತ್ತದೆ. ಸಾಲದ್ದಕ್ಕೆ, ಇರುವ ಅಲ್ಯುಮಿನಿಯಮನ್ನು ಕೊಳೆತ ಎಲೆಯ ಸತ್ವ ಕಟ್ಟಿಹಾಕುತ್ತದೆ. ರಂಜಕ ಎಲೆಯಿಂದ ಶಿಲೀಂಧ್ರಕ್ಕೆ, ಶಿಲೀಂಧ್ರದಿಂದ ಬೇರಿಗೆ ದಾಟುತ್ತದೆ, ಕಬ್ಬಿಣದ ಕೈಗೆ ಸಿಕ್ಕುವುದೇ ಕಡಿಮೆ. ಕಾಡಿಗೆ ಸುಣ್ಣ ಹಾಕುವುದು ಕಾಡೇ.

"ಮತ್ತೆ ಚೀಟಿಯಲ್ಲಿ 5.1 ಎಂದು ಯಾಕೆ ಬಂತು?"

"ನೀವು ಮಣ್ಣು ತೆಗೆದದ್ದು ಹೇಗೆ?"

"ಮೇಲಿನ ಕಸ, ಕಪ್ಪು ಹುಡಿ ಎಲ್ಲ ಬದಿಗೆ ಎಳೆದು, ಒಳ್ಳೆ ಮಣ್ಣು ಸಿಗುವವರೆಗೆ ತೋಡಿ..."

ಮಾತು ಅಲ್ಲಿಗೇ ನಿಂತಿತು. ಕೆಂಪು ಕಾಣುವವರೆಗೆ ತೋಡಿದ್ದರು. ಒಳ್ಳೆಯದನ್ನು ಬದಿಗೆಳೆದು ಉಳಿದದ್ದನ್ನು ಪರೀಕ್ಷೆಗೆ ಕಳಿಸಿದ ಹಾಗಾಯಿತು.

ತೋಟದ ಕಡೆಗೆ ಬಂದೆವು. ಗುಡ್ಡೆಯ ಇಳಿಜಾರನ್ನು ಜೆಸಿಬಿಯಿಂದ ಕಡಿದು ತಟ್ಟು ಮಾಡಿದ್ದರು. ಒಳಬದಿಯಲ್ಲಿ ಕಡಿದ ಮಣ್ಣನ್ನು ಹೊರಬದಿಗೆ ದೂಡಿ ಸಮ ಮಾಡುವುದು ಕ್ರಮ. ಹಾಗೆ ಮಾಡುವಾಗ ಗೇಣುದ್ದದ ಮೇಲ್ಮಣ್ಣು ಪೂರ್ತಿ ಹೊರ ಅಂಚಿಗೆ ಹೋಗುತ್ತದೆ, ಒಳಬದಿಯ ಗಿಡ ನೇರ ಹರಳು ಜೇಡಿಯಲ್ಲಿ ಕಾಲೂರಬೇಕಾಗುತ್ತದೆ. ಯಾವ ಗಿಡ ಹೇಗಿದೆಯೆಂದು ಅವರು ಮೂರು ವರ್ಷದಲ್ಲಿ ಸಾಲು ಸಾಲಾಗಿ ನೋಡಿರಲಿಲ್ಲ, ತೋಟವನ್ನು ಒಟ್ಟಾರೆ ನೋಡಿದ್ದರು. ಈಗ ತಟ್ಟಿನ ಉದ್ದಕ್ಕೂ ನಡೆದೆವು. ಹೊರ ಅಂಚಿನ ಸಾಲು ಎದೆಮಟ್ಟ, ಸೋಗೆ ಕಡುಹಸಿರು. ಒಳಸಾಲು ಮೊಣಕಾಲು, ತುದಿ ಹಳದಿ. ಪರೀಕ್ಷೆಗೆ ಅವರು ಎರಡೂ ಕಡೆಯ ಮಣ್ಣು ಬೆರೆಸಿ ಕಳಿಸಿದ್ದರು.

ಹರಳು ಇರುವಲ್ಲಿ ಚೀಟಿಯ ಲೆಕ್ಕವೂ ಕೈಕೊಡುತ್ತದೆ. ಚೀಟಿಯಲ್ಲಿ ಪೊಟ್ಯಾಶ್ ಹೆಕ್ಟೇರಿಗೆ ಇಷ್ಟು ಕಿಲೋ ಎಂದು ಬರೆಯುವಾಗ, 15 ಸೆಂಟಿಮೀಟರ್ ಆಳಕ್ಕೆ ಹೆಕ್ಟೇರೊಂದರಲ್ಲಿ ಸುಮಾರು 22 ಲಕ್ಷ ಕಿಲೋ ಮಣ್ಣು ಇದೆಯೆಂದು ಹಿಡಿದಿರುತ್ತಾರೆ. ಅರ್ಧ ಜಾಗ ಕಲ್ಲಿನದ್ದಾದರೆ ಮಣ್ಣು ಉಳಿಯುವುದು 11 ಲಕ್ಷ. ಕಾಗದದ ಮೇಲೆ "ಮಧ್ಯಮ" ಎಂದಿದ್ದದ್ದು ನೆಲದಲ್ಲಿ "ಕಡಿಮೆ". ನೀರಿಗೂ ಇದೇ ಲೆಕ್ಕ. ಡಿಸೆಂಬರಿನಿಂದ ಮೇವರೆಗೆ ಮಳೆ ಕಡಿಮೆ. ಹರಳು ಹಿಡಿದಿಟ್ಟುಕೊಳ್ಳುವ ನೀರು ಹೆಸರಿಗೆ ಮಾತ್ರ. ಒಂದೇ ದಿನ ನೂರು ಲೀಟರ್ ಬಿಡುವ ಬದಲು ಸ್ವಲ್ಪ ಸ್ವಲ್ಪವಾಗಿ, ಬೇಗ ಬೇಗ ಕೊಡಬೇಕಾಗುತ್ತದೆ. ಗೊಬ್ಬರವನ್ನೂ ಹಾಗೆಯೇ ಕಂತಿನಲ್ಲಿ.

ಸುಣ್ಣ ಬೇಡ ಎಂದು ನಾನು ಹೇಳಲಿಲ್ಲ. ಒಳಸಾಲಿಗೆ ಬೇಕು, ಡೊಲೊಮೈಟ್ ಎಂಬ ಸುಣ್ಣದಕಲ್ಲಿನ ಹುಡಿಯಾದರೆ ಮೆಗ್ನೀಸಿಯಮೂ ಸಿಗುತ್ತದೆ. ಆದರೆ ಸುಣ್ಣ ಹಾಕಿದಲ್ಲೇ ಕೂರುವ ವಸ್ತು, ಆಳಕ್ಕೆ ಇಳಿಯಲು ವರ್ಷಗಳು ಬೇಕು. ಅಲ್ಲಿಯವರೆಗೆ ಬುಡದಲ್ಲಿ ಸೋಗೆ, ಸೊಪ್ಪು, ಹಟ್ಟಿಗೊಬ್ಬರ ಹೊದೆಸಿ ಹೊಸ ಮೇಲ್ಮಣ್ಣು ಕಟ್ಟಬೇಕು. ದರಗು ಗುಡಿಸಿ ತರಲು ಆಚೆಯ ಪಟ್ಟಿ ಹತ್ತಿರದಲ್ಲೇ ಉಂಟಲ್ಲ ಎಂದರು. ಅದಕ್ಕೆ ಮಾತ್ರ ನಾನು ಒಪ್ಪಲಿಲ್ಲ.

ಮಣ್ಣನ್ನು ಮತ್ತೊಮ್ಮೆ ಕಳಿಸಲು ಹೇಳಿದೆ. ಒಳಸಾಲಿನದ್ದು ಬೇರೆ, ಹೊರಸಾಲಿನದ್ದು ಬೇರೆ, ಮರದಡಿಯ ಮೇಲ್ಮಣ್ಣು ಬೇರೆ. ಕಳಿಸುವ ಮೊದಲು ಪ್ರತಿಯೊಂದರಿಂದ ಐದು ಕಿಲೋ ಒಣಗಿಸಿ, ಕಿಟಕಿಯ ಸೊಳ್ಳೆ ಜಾಲರಿಯಲ್ಲಿ ಗಾಳಿಸಿ, ಕಲ್ಲಿನ ತೂಕ ಚೀಟಿಯ ಮೇಲೆ ಬರೆದಿಡಬೇಕು. ಜಾಲರಿಯ ಕಣ್ಣು 2 ಮಿಲಿಮೀಟರಿಗಿಂತ ಸಣ್ಣದೇ, ತೂಕದಲ್ಲಿ ಲೆಕ್ಕ ಹಿಡಿದರೆ ಕಲ್ಲಿನ ಪಾಲು ಅದು ಹಿಡಿಯುವ ಜಾಗದ ಪಾಲಿಗಿಂತ ಹೆಚ್ಚೇ ಕಾಣುತ್ತದೆ. ಆದರೂ ಏನೂ ಇಲ್ಲದ್ದಕ್ಕಿಂತ ವಾಸಿ.

ಜೂನಿನ ಮೊದಲ ವಾರ, ಮಳೆ ಹಿಡಿದ ದಿನವೇ ಫೋನು ಬಂತು.

"ಒಳಸಾಲಿನ ಐದು ಕಿಲೋದಲ್ಲಿ ಕಲ್ಲೇ ಮೂರು ಕಿಲೋ ಇನ್ನೂರು ಉಂಟು ಮಾರಾಯ್ರೆ. ಹೊರಸಾಲಿನದ್ದರಲ್ಲಿ ಎರಡು ಚಿಲ್ಲರೆ. ಮರದಡಿಯದ್ದು ಇನ್ನೂ ತೂಗಲಿಲ್ಲ, ಒಣಗಲೇ ಇಲ್ಲ ಅದು."