ಕೊರಿಯಾದ ಕಪ್ಪು ರಾಸ್ಪ್‌ಬೆರಿ ವೈನ್: ಹಣ್ಣು ಹಳೆಯದು, ಬಾಟಲಿ ಹೊಸದು

ಕೊರಿಯನ್ ಸೀರಿಯಲ್ ನೋಡುವವರಿಗೆಲ್ಲ ಸೋಜು ಅನ್ನುವ ಮದ್ಯ ಗೊತ್ತು. ಹಸಿರು ಬಾಟಲಿ, ಪುಟ್ಟ ಗ್ಲಾಸು. ಆದರೆ ಅಲ್ಲಿನ ಹಾವುಮೀನಿನ ಹೋಟೆಲಿಗೆ ಹೋದರೆ ಮೇಜಿನ ಮೇಲೆ ಬರುವುದು ಬೇರೆಯದೇ ಬಾಟಲಿ, ಒಳಗೆ ನೇರಳೆ ಹಣ್ಣಿನ ರಸದಂಥ ಕಡುಬಣ್ಣದ ಸಿಹಿ ವೈನ್. ಅದರ ಹೆಸರು ಬೊಕ್‌ಬುಂಜಾಜು. ಬೊಕ್‌ಬುಂಜಾ ಅಂದರೆ ಅಲ್ಲಿನ ಕಪ್ಪು ರಾಸ್ಪ್‌ಬೆರಿ, ಜು ಅಂದರೆ ಮದ್ಯ. ಗಂಡಸರಿಗೆ ಬಲ ಕೊಡುವ ಪುರಾತನ ಪಾನೀಯ ಅಂತ ಇದನ್ನು ಮಾರುತ್ತಾರೆ.

ಹಣ್ಣು ಪುರಾತನ ಅನ್ನುವುದು ನಿಜ. ಅದನ್ನು ಮದ್ದಾಗಿ ಬಳಸಿದ್ದೂ ನಿಜ. ಆದರೆ ಇವತ್ತು ಅಂಗಡಿಯಲ್ಲಿ ಸಿಗುವ ವೈನ್ ಹೆಚ್ಚೆಂದರೆ ಒಂದು ತಲೆಮಾರಿನಷ್ಟು ಹಳೆಯದು. ಈ ಎರಡರ ನಡುವೆ ಏನಾಯಿತು ಅನ್ನುವುದು ಜಾಹೀರಾತಿನಲ್ಲಿ ಬರುವುದಿಲ್ಲ. ನನಗೆ ಆ ಕಥೆಯೇ ಜಾಸ್ತಿ ಮುಖ್ಯ ಅನ್ನಿಸುತ್ತದೆ.

ಮೊದಲು ಗಿಡದ ವಿಷಯ. ವಿಜ್ಞಾನದಲ್ಲಿ ಇದಕ್ಕೆ ರೂಬಸ್ ಕೊರಿಯಾನಸ್ ಅಂತ ಹೆಸರು. ಬೆಟ್ಟದ ಬುಡದಲ್ಲಿ, ಬಿಸಿಲು ಬೀಳುವ ಕಡೆ ಬೆಳೆಯುವ ಮುಳ್ಳಿನ ಪೊದೆ. ಕಾಯಿ ಹಸಿರು, ಆಮೇಲೆ ಕೆಂಪು, ಪೂರ್ತಿ ಮಾಗಿದಾಗ ಕಪ್ಪು. ನಮ್ಮ ಪಶ್ಚಿಮ ಘಟ್ಟದ ಎತ್ತರದ ಜಾಗಗಳಲ್ಲೂ ಇದೇ ಕುಲದ ಕಪ್ಪು ಹಣ್ಣೊಂದಿದೆ, ರೂಬಸ್ ನಿವಿಯಸ್. ಹೊರದೇಶಗಳಲ್ಲಿ ಅದನ್ನು ಮೈಸೂರು ರಾಸ್ಪ್‌ಬೆರಿ ಅಂತಲೇ ಕರೆಯುತ್ತಾರೆ. ಕೊರಿಯಾದಲ್ಲಿ ಬೊಕ್‌ಬುಂಜಾ ಅಂದ ಕೂಡಲೇ ಎಲ್ಲರ ಬಾಯಲ್ಲಿ ಬರುವ ಊರು ನೈಋತ್ಯ ಭಾಗದ ಗೊಚಾಂಗ್. 2024ರವರೆಗೆ ಉತ್ತರ ಜೊಲ್ಲಾ ಅನ್ನುತ್ತಿದ್ದ, ಈಗಿನ ಜೊನ್‌ಬುಕ್ ಪ್ರಾಂತ್ಯದ ಜಿಲ್ಲೆ ಅದು. ಒಂದು ಕಡೆ ಸಮುದ್ರ, ಇನ್ನೊಂದು ಕಡೆ ಸೊನುನ್ ಬೆಟ್ಟ, ಆ ಬೆಟ್ಟದ ಮಡಿಲಲ್ಲಿ ಸೊನುನ್‌ಸಾ ಅನ್ನುವ ಹಳೆಯ ಬೌದ್ಧ ದೇವಾಲಯ.

ಮದ್ದಿನ ಕಥೆ ಎಷ್ಟು ಹಳೆಯದು? ಹೊ ಜುನ್ ಅನ್ನುವ ರಾಜವೈದ್ಯ 1610ರಲ್ಲಿ ಬರೆದು ಮುಗಿಸಿದ, 1613ರಲ್ಲಿ ಅಚ್ಚಾದ 'ದೊಂಗ್ವಿ ಬೊಗಾಮ್' ಕೊರಿಯಾದ ವೈದ್ಯದ ಬಹುಮುಖ್ಯ ಗ್ರಂಥ. 2009ರಲ್ಲಿ ಯುನೆಸ್ಕೊ ಅದನ್ನು ವಿಶ್ವ ಸ್ಮೃತಿ ಪಟ್ಟಿಗೆ ಸೇರಿಸಿತು. ಬೊಕ್‌ಬುಂಜಾ ಮೂತ್ರಪಿಂಡದ ಸತ್ವ ತುಂಬಿ ಗಂಡಸರ ಶಕ್ತಿ ಹೆಚ್ಚಿಸುತ್ತದೆ, ಕಣ್ಣಿಗೆ ಒಳ್ಳೆಯದು, ಕೂದಲು ನರೆಯುವುದನ್ನು ತಡೆಯುತ್ತದೆ ಅಂತ ಅದರಲ್ಲಿದೆ. ಆ ವೈದ್ಯಪದ್ಧತಿಯಲ್ಲಿ ಮೂತ್ರಪಿಂಡಕ್ಕೆ ನಾವು ಇವತ್ತು ಹೇಳುವುದಕ್ಕಿಂತ ದೊಡ್ಡ ಅರ್ಥವಿದೆ, ಸಂತಾನಶಕ್ತಿಯೂ ಅದರ ಲೆಕ್ಕಕ್ಕೇ ಸೇರುತ್ತದೆ.

ಇಲ್ಲೇ ಗಮನಿಸಬೇಕಾದ ಒಂದು ವಿಷಯವಿದೆ. ಮದ್ದಿಗೆ ಬಳಸುತ್ತಿದ್ದದ್ದು ಹಣ್ಣಲ್ಲ, ಕಾಯಿ. ಮಾಗುವ ಮೊದಲೇ, ಇನ್ನೂ ಹಸಿರಿದ್ದಾಗ ಕಿತ್ತು ಒಣಗಿಸಿ ಇಟ್ಟುಕೊಳ್ಳುತ್ತಿದ್ದರು. ವೈನಿಗೆ ಬೇಕಾದದ್ದು ಪೂರ್ತಿ ಮಾಗಿದ, ಮುಟ್ಟಿದರೆ ರಸ ಸುರಿಯುವ ಹಣ್ಣು. ಅಂದರೆ ಗ್ರಂಥದ ಮಾತನ್ನು ಎತ್ತಿ ನೇರವಾಗಿ ಬಾಟಲಿಯ ಮೇಲೆ ಅಂಟಿಸಲು ಬರುವುದಿಲ್ಲ.

ಇನ್ನು ಹಣ್ಣಿನ ಹೆಸರಿಗೆ ಅಂಟಿಕೊಂಡ ಮಡಕೆಯ ಕಥೆ. ಕೊರಿಯಾದಲ್ಲಿ ಇದನ್ನು ಕೇಳದವರಿಲ್ಲ. ವಯಸ್ಸಾದ ಗಂಡಸೊಬ್ಬ ಕಾಡಿನಲ್ಲಿ ಈ ಹಣ್ಣು ತಿಂದನಂತೆ, ಮಾರನೇ ದಿನ ಅವನ ಮೂತ್ರದ ರಭಸಕ್ಕೆ ಮಡಕೆಯೇ ಬೋರಲಾಯಿತಂತೆ. ಹಣ್ಣಿನ ಹೆಸರಿನಲ್ಲೇ 'ಬೋರಲು ಮಡಕೆ' ಇದೆ, ಹಾಗಾಗಿ ಕಥೆ ಗಟ್ಟಿಯಾಗಿ ಕೂತುಬಿಟ್ಟಿದೆ. ಆದರೆ ಆ ಹೆಸರು ಚೀನಾದ ಔಷಧ ಗ್ರಂಥಗಳಿಂದ ಬಂದದ್ದು, ಅಲ್ಲಿ ಕೊಡುವ ಕಾರಣಗಳೇ ಬೇರೆ. ಹಣ್ಣಿನ ಆಕಾರ ಬೋರಲು ಹಾಕಿದ ಪಾತ್ರೆಯಂತಿದೆ ಅನ್ನುವುದು ಒಂದು. 12ನೇ ಶತಮಾನದ ಒಂದು ಗ್ರಂಥ ಹೇಳುವ ಇನ್ನೊಂದು ಕಾರಣ, ಪದೇಪದೇ ಮೂತ್ರಕ್ಕೆ ಏಳುವ ತೊಂದರೆಗೆ ಇದು ಮದ್ದು, ತಿಂದವರಿಗೆ ರಾತ್ರಿ ಮಡಕೆಯೇ ಬೇಕಾಗುವುದಿಲ್ಲ, ಬೋರಲು ಹಾಕಿಡಬಹುದು ಅಂತ. ಮುದುಕರಿಗೆ ನೆಮ್ಮದಿಯ ನಿದ್ದೆ ಕೊಡುವ ಮದ್ದು ಜನರ ಬಾಯಲ್ಲಿ ಗಂಡಸುತನದ ಕಥೆಯಾಯಿತು. ವ್ಯಾಪಾರಕ್ಕೆ ಒದಗಿದ್ದು ಈ ಎರಡನೆಯದೇ.

ಹಾಗಾದರೆ ಹಿಂದೆ ವೈನ್ ಮಾಡುತ್ತಲೇ ಇರಲಿಲ್ಲವಾ? ಕೊರಿಯಾದ ಹಳ್ಳಿಮನೆಗಳಲ್ಲಿ ಮದ್ಯ ಮಾಡುವುದು ಅಡುಗೆಯಷ್ಟೇ ಸಹಜ ಕೆಲಸವಾಗಿತ್ತು. ಅಕ್ಕಿ, ನೀರು, ಹುದುಗು ಬರಿಸಲು ಗೋಧಿಯಿಂದ ಮಾಡಿದ ನುರುಕ್, ಅದರ ಜೊತೆಗೆ ಆಯಾ ಕಾಲದ ಹೂವು, ಹಣ್ಣು, ಬೇರು. ಪೂಜೆಗೆ, ಅತಿಥಿಗೆ, ಹೊಲದ ಕೆಲಸಕ್ಕೆ ಬೇರೆಬೇರೆ. ಒಂದೊಂದು ಮನೆಯದು ಒಂದೊಂದು ರುಚಿ. ಆ ಲೋಕವನ್ನು ಮುರಿದದ್ದು ತೆರಿಗೆ. ಜಪಾನಿನ ಹಿಡಿತದಲ್ಲಿ 1909ರಲ್ಲಿ ಮದ್ಯ ತೆರಿಗೆ ಕಾನೂನು ಬಂತು, 1916ರಲ್ಲಿ ಇನ್ನೂ ಬಿಗಿಯಾಯಿತು, 1934ರ ಹೊತ್ತಿಗೆ ಮನೆಯಲ್ಲಿ ಮಾಡಿಕೊಳ್ಳುವ ಪರವಾನಗಿಯನ್ನೇ ತೆಗೆದುಹಾಕಿದರು. ಅಜ್ಜಿಯಿಂದ ಸೊಸೆಗೆ ದಾಟುತ್ತಿದ್ದ ಎಷ್ಟೋ ವಿಧಾನಗಳು ಬರಹದಲ್ಲೂ ಉಳಿಯದೆ ಹೋದವು. ಸ್ವಾತಂತ್ರ್ಯ ಬಂದ ಮೇಲಾದರೂ ಸಡಿಲವಾಯಿತಾ ಅಂದರೆ ಅದೂ ಇಲ್ಲ. ಮನೆಬಳಕೆಗೆ ಮದ್ಯ ತಯಾರಿಸಲು ಮತ್ತೆ ಒಪ್ಪಿಗೆ ಸಿಕ್ಕಿದ್ದು 1995ರಲ್ಲಿ. ಅಲ್ಲಿಯವರೆಗೆ ಕದ್ದುಮುಚ್ಚಿ ಮಾಡಿದರೆ ಉಂಟು, ಇಲ್ಲದಿದ್ದರೆ ಇಲ್ಲ.

ನಡುವೆ ಇನ್ನೊಂದು ಪೆಟ್ಟು ಬಿತ್ತು. ಕೊರಿಯಾ ಯುದ್ಧದ ನಂತರ ತಿನ್ನಲು ಅಕ್ಕಿಗೇ ಕೊರತೆ, ಹಾಗಾಗಿ 1965ರಲ್ಲಿ ಧಾನ್ಯದಿಂದ ಸೋಜು ಭಟ್ಟಿ ಇಳಿಸುವುದನ್ನು ಸರ್ಕಾರ ತಡೆಯಿತು. ಗೆಣಸು ಮತ್ತು ಮರಗೆಣಸಿನಿಂದ ತೆಗೆದ ಆಲ್ಕೋಹಾಲಿಗೆ ನೀರು, ಸಿಹಿ ಬೆರೆಸಿದ ಅಗ್ಗದ ಸೋಜು ಎಲ್ಲ ಕಡೆ ಹಬ್ಬಿತು. ಇದರಿಂದ ಹಳೆಯ ಧಾನ್ಯದ ಮದ್ಯಗಳಿಗೆ ತುಂಬಾ ನಷ್ಟವಾಯಿತು. ಆದರೆ ಹಣ್ಣಿನ ಮದ್ಯಕ್ಕೆ ಒಂದು ದಾರಿಯೂ ತೆರೆಯಿತು: ಅಂಗಡಿಯಿಂದ ತಂದ ಗಟ್ಟಿ ಸೋಜುವನ್ನು ಭರಣಿಯಲ್ಲಿ ಹಣ್ಣು, ಸಕ್ಕರೆಯ ಮೇಲೆ ಸುರಿದು ಕೆಲವು ತಿಂಗಳು ಕತ್ತಲಲ್ಲಿ ಇಡುವುದು. ಹುದುಗು ಬರಿಸುವ ಕೈಗುಣ ಇದಕ್ಕೆ ಬೇಡ. ಇವತ್ತಿಗೂ ಬೇಸಿಗೆ ಶುರುವಾದರೆ ಕೊರಿಯಾದ ಅಂಗಡಿಗಳಲ್ಲಿ ಹಣ್ಣು ನೆನೆಹಾಕಲೆಂದೇ 30ರಷ್ಟು ಶೇಕಡಾ ಆಲ್ಕೋಹಾಲ್ ಇರುವ ಸೋಜು ದೊಡ್ಡ ದೊಡ್ಡ ಪ್ಲಾಸ್ಟಿಕ್ ಡಬ್ಬಗಳಲ್ಲಿ ಬರುತ್ತದೆ. 'ನಮ್ಮಜ್ಜಿ ಮಾಡುತ್ತಿದ್ದ ಬೊಕ್‌ಬುಂಜಾಜು' ಅಂತ ಅಲ್ಲಿನವರು ನೆನೆಯುವಾಗ ಬಹಳ ಸಲ ಅವರ ಮನಸ್ಸಿನಲ್ಲಿರುವುದು ಈ ಭರಣಿಯೇ. ನನ್ನ ಮಟ್ಟಿಗೆ ಈ ಪಾನೀಯದ ಜೀವಂತ ಸಂಪ್ರದಾಯ ಅಂದರೆ ಇದು. ಮೂಲ ಸಾಮಗ್ರಿ ಕಾರ್ಖಾನೆಯದ್ದಾದರೂ ಮಾಡಿದ ಕೈ ಮನೆಯದ್ದು.

ಕಾಲ ಬದಲಾದದ್ದು 1980ರ ದಶಕದಲ್ಲಿ. ಸೋಲ್ ಒಲಿಂಪಿಕ್ಸ್ 1988ಕ್ಕೆ ಬರುವುದಿತ್ತು, ಹೊರಗಿನವರಿಗೆ ತೋರಿಸಲು ತಮ್ಮದೇ ಮದ್ಯ ಬೇಕಿತ್ತು. ಸರ್ಕಾರ 1986ರಲ್ಲಿ ಮುನ್‌ಬೆಜು ಸೇರಿ ಮೂರು ಸಾಂಪ್ರದಾಯಿಕ ಮದ್ಯಗಳಿಗೆ ರಾಷ್ಟ್ರೀಯ ಪರಂಪರೆಯ ಮಾನ್ಯತೆ ಕೊಟ್ಟಿತು. ಬೊಕ್‌ಬುಂಜಾಜು ಆ ಮೂರರಲ್ಲಿ ಇರಲಿಲ್ಲ. ಅದು ಮೇಲೆ ಬಂದದ್ದು ರೈತರ ಮೂಲಕ. 1995ರಲ್ಲಿ ವಿಶ್ವ ವ್ಯಾಪಾರ ಸಂಸ್ಥೆ ಬಂತು, ಹೊರದೇಶದ ಬೆಳೆಗೆ ಬಾಗಿಲು ತೆರೆಯಬೇಕಾಯಿತು, ಭತ್ತವನ್ನೇ ನಂಬಿ ಕೂತರೆ ಆಗುವುದಿಲ್ಲ ಅನ್ನುವ ಭಯ ಹಳ್ಳಿಗಳಲ್ಲಿ ಹುಟ್ಟಿತು. ಅದೇ ವರ್ಷ ಜಿಲ್ಲೆಗಳ ಮುಖ್ಯಸ್ಥರನ್ನು ಜನರೇ ಆರಿಸುವ ಚುನಾವಣೆ ನಡೆಯಿತು, ಆಮೇಲೆ ಪ್ರತಿ ಜಿಲ್ಲೆಗೂ ತನ್ನದೊಂದು ವಿಶೇಷ ಬೆಳೆ, ತನ್ನದೊಂದು ಹಬ್ಬ ಬೇಕಾಯಿತು. ಗೊಚಾಂಗ್ ಕೈಯಲ್ಲಿ ಬೊಕ್‌ಬುಂಜಾ ಇತ್ತು. ಬೆಟ್ಟದ ಹಣ್ಣು ಕೆಂಪು ಮಣ್ಣಿನ ಹೊಲಗಳಿಗೆ ಇಳಿಯಿತು. ಕೊರಿಯಾದ ಕೃಷಿ ಉತ್ಪನ್ನಗಳ ಭೌಗೋಳಿಕ ಗುರುತಿನ ಪಟ್ಟಿಯಲ್ಲಿ ಮೊದಲ ಎರಡೂ ಹಸಿರು ಚಹಾ, ಮೂರನೆಯದು ಗೊಚಾಂಗ್ ಬೊಕ್‌ಬುಂಜಾಜು. 2011ರಲ್ಲಿ ಜಾರಿಗೆ ಬಂದ ಯುರೋಪ್ ಒಕ್ಕೂಟದ ಜೊತೆಗಿನ ವ್ಯಾಪಾರ ಒಪ್ಪಂದದಲ್ಲೂ ಈ ಹೆಸರಿಗೆ ರಕ್ಷಣೆ ಸಿಕ್ಕಿದೆ.

ಹಾವುಮೀನು ಜೊತೆಯಾದದ್ದೂ ಈ ಊರಿನಲ್ಲೇ. ಸೊನುನ್‌ಸಾದ ಹತ್ತಿರ ಹೊಳೆ ಸಮುದ್ರ ಸೇರುವ ಕಡೆ ಸಿಗುತ್ತಿದ್ದ ಹಾವುಮೀನಿಗೆ ದೇಶದಲ್ಲೆಲ್ಲ ಹೆಸರು, ಅದೂ ಬಲ ಕೊಡುವ ಆಹಾರ ಅಂತಲೇ. ಕೆಂಡದ ಮೇಲೆ ಸುಟ್ಟ ಜಿಡ್ಡಿನ ಮೀನಿಗೆ ಹುಳಿಸಿಹಿ ವೈನ್ ನಿಜವಾಗಿಯೂ ಹೊಂದುತ್ತದೆ, ನಾಲಿಗೆಯ ಜಿಡ್ಡು ಹೋಗುತ್ತದೆ. ದೇವಾಲಯ ನೋಡಲು ಬಂದವರು ಮೀನು ತಿಂದು, ವೈನ್ ಕುಡಿದು, ಮನೆಗೊಂದು ಬಾಟಲಿ ಹಿಡಿದು ಹೊರಡುವುದು ರೂಢಿಯಾಯಿತು.

2000ರ ದಶಕ ಆರೋಗ್ಯಕ್ಕೆ ಒಳ್ಳೆಯದು ಅಂದರೆ ಏನು ಬೇಕಾದರೂ ಮಾರಾಟವಾಗುತ್ತಿದ್ದ ಕಾಲ. ಬೋಹೆ, ಕುಕ್‌ಸುಂದಾಂಗ್‌ನಂಥ ದೊಡ್ಡ ಮದ್ಯದ ಕಂಪನಿಗಳೂ ಇಳಿದವು. ಕಾರ್ಖಾನೆಯಲ್ಲಿ ಹಣ್ಣು ಜಜ್ಜಿ, ಯೀಸ್ಟ್ ಹಾಕಿ ಹುದುಗು ಬರಿಸುತ್ತಾರೆ. ದ್ರಾಕ್ಷಿಗಿಂತ ಈ ಹಣ್ಣಿನಲ್ಲಿ ಸಕ್ಕರೆ ತುಂಬಾ ಕಡಿಮೆ, ಹಾಗಾಗಿ ಹೊರಗಿನಿಂದ ಸಕ್ಕರೆ ಸೇರಿಸಲೇಬೇಕು. ಕೆಲವರು ಆಲ್ಕೋಹಾಲನ್ನೂ ಸೇರಿಸುತ್ತಾರೆ. ಬಾಟಲಿಯಲ್ಲಿ ಸಾಮಾನ್ಯವಾಗಿ ಶೇಕಡಾ 15ರ ಆಸುಪಾಸು ಇರುತ್ತದೆ.

ಇಷ್ಟರಲ್ಲಿ ಸಸ್ಯವಿಜ್ಞಾನಿಗಳು ಹೊಲದ ಗಿಡಗಳನ್ನು ಪರೀಕ್ಷಿಸಿ ನೋಡಿದರು. ಬೊಕ್‌ಬುಂಜಾ ಅಂತ ಬೆಳೆಯುತ್ತಿರುವುದರಲ್ಲಿ ಹೆಚ್ಚಿನದು ಕೊರಿಯಾದ ಗಿಡವೇ ಅಲ್ಲ, ರೂಬಸ್ ಆಕ್ಸಿಡೆಂಟಾಲಿಸ್, ಅಂದರೆ ಉತ್ತರ ಅಮೆರಿಕದ ಕಪ್ಪು ರಾಸ್ಪ್‌ಬೆರಿ! ಇದರ ಹಣ್ಣು ದೊಡ್ಡದು, ಇಳುವರಿ ಜಾಸ್ತಿ, ನೋಡಲು ಅಣ್ಣತಮ್ಮಂದಿರ ಹಾಗೆ. ರೈತ ಒಳ್ಳೆಯ ಗಿಡ ಸಿಕ್ಕಿದರೆ ನೆಡುತ್ತಾನೆ, ಅದರಲ್ಲಿ ತಪ್ಪೇನೂ ಇಲ್ಲ. ವೈನ್ ರುಚಿಗೂ ಇದರಿಂದ ಕುಂದಿಲ್ಲ. ಆದರೆ 400 ವರ್ಷದ ಹಿಂದಿನ ಗ್ರಂಥದ ಮಾತನ್ನು ಬೇರೆ ಖಂಡದ ಗಿಡದ ಹಣ್ಣಿಗೆ ಹೇಳುವುದು ಸರಿಯಲ್ಲ, ಅಲ್ವಾ? ಗಂಡಸುತನದ ಮಾತಿಗೂ ಇದೇ ಉತ್ತರ. ಇಲಿಗಳ ಮೇಲೆ ನಡೆದ ಕೆಲವು ಪ್ರಯೋಗಗಳನ್ನು ಹಿಡಿದು ಮನುಷ್ಯರ ಬಗ್ಗೆ ಘೋಷಣೆ ಮಾಡಲಾಗದು. ಮಿತಿಮೀರಿ ಕುಡಿದರೆ ಆಲ್ಕೋಹಾಲ್ ಆ ಶಕ್ತಿಯನ್ನು ತಗ್ಗಿಸುತ್ತದೆ ಅನ್ನುವುದಂತೂ ಖಚಿತ.

ಏರಿದ ಮಾರುಕಟ್ಟೆ ಇಳಿಯಿತು. ಚಿಲಿಯ ಜೊತೆ 2004ರಲ್ಲಿ ಮುಕ್ತ ವ್ಯಾಪಾರ ಒಪ್ಪಂದ ಜಾರಿಗೆ ಬಂದ ಮೇಲೆ ಅಗ್ಗದ ದ್ರಾಕ್ಷಿ ವೈನ್ ಬಂತು, 2009ರ ಸುಮಾರಿಗೆ ಎಲ್ಲರ ಕಣ್ಣು ಅಕ್ಕಿಯಿಂದ ಮಾಡುವ ಬಿಳಿ ಮದ್ಯ ಮಕ್ಕೊಲ್ಲಿಯ ಮೇಲೆ ಬಿತ್ತು. ಹೊಲದಲ್ಲಿ ಬೇರೆ ಕಷ್ಟ: ಗಿಡಗಳು ರೋಗಕ್ಕೆ, ಚಳಿಗೆ ಸಾಯುತ್ತವೆ. ಜೂನ್ ತಿಂಗಳ ಕೆಲವೇ ವಾರಗಳಲ್ಲಿ ಮುಳ್ಳಿನ ನಡುವೆ ಒಂದೊಂದೇ ಹಣ್ಣು ಕೈಯಿಂದ ಬಿಡಿಸಬೇಕು, ಬಿಡಿಸಿದ್ದು ಬೇಗ ಕೆಡುತ್ತದೆ, ಕೀಳುವವರಿಗೋ ವಯಸ್ಸಾಗಿದೆ. ಸಣ್ಣ ತಯಾರಕರಿಗೆ ಸಿಕ್ಕ ದೊಡ್ಡ ಆಸರೆ ಅಂದರೆ 2017ರಿಂದ ಸಾಂಪ್ರದಾಯಿಕ ಮದ್ಯಗಳನ್ನು ಆನ್‌ಲೈನ್‌ನಲ್ಲಿ ಮಾರಲು ಸಿಕ್ಕ ಅನುಮತಿ. ಸ್ಥಳೀಯ ಬೆಳೆಯಿಂದ ಮಾಡಿದ ಮದ್ಯವೂ ಇದರಲ್ಲಿ ಸೇರುತ್ತದೆ.

ಕೊರಿಯಾಕ್ಕೆ ಹೋದಾಗ ಕೊಳ್ಳುವುದಾದರೆ ಮಡಕೆಯ ಕಥೆಗೆ ದುಡ್ಡು ಕೊಡಬೇಡಿ. ಬಾಟಲಿಯ ಹಿಂದಿನ ಚೀಟಿಯನ್ನು ಓದಿಸಿ ಕೇಳಿ. ಹಣ್ಣು ಎಷ್ಟಿದೆ, ಎಲ್ಲಿಯದು, ಆಲ್ಕೋಹಾಲ್ ಬೆರೆಸಿದ್ದಾರಾ ಅನ್ನುವುದು ಗೊತ್ತಾಗುತ್ತದೆ. ಚೆನ್ನಾಗಿ ತಣಿಸಿ, ಖಾರದ ಅಥವಾ ಜಿಡ್ಡಿನ ಊಟದ ಜೊತೆ ಸ್ವಲ್ಪವೇ ಕುಡಿದರೆ ಇದರ ಹುಳಿ ಮತ್ತು ಪರಿಮಳ ಎರಡೂ ತಿಳಿಯುತ್ತವೆ.